ಬೇಸ್ಮಟ್ಟ ಎತ್ತಿದ ವರ್ಷ

ಆಗುವುದಿಲ್ಲ ಎಂದು ಹೇಳಿದವಳು ನಮ್ಮ ಸೋದರತ್ತೆ ಕೆಂಚಮ್ಮ. ಅಪ್ಪನ ಅಕ್ಕ. ಬರಗೂರಿಗೆ ಕೊಟ್ಟಿದ್ದರು. ಸಿರಾದಲ್ಲಿ ಬಸ್ಸು ಬದಲಿಸಿ ಮಧುಗಿರಿಗೆ ಬಂದಿಳಿದರೆ, ಕಾಲು ತೊಳೆಯುವ ಮೊದಲೇ ಮನೆಯವರೆಲ್ಲರ ಮೇಲೆ ಒಂದೊಂದು ತೀರ್ಪು ಕೊಟ್ಟು ಮುಗಿಸುವ ಹೆಂಗಸು. ಬಿ.ಎ. ಕೊನೆಯ ವರ್ಷದ ಇಂಗ್ಲಿಷಿನಲ್ಲಿ ನಾನು ಎರಡನೆಯ ಸಲ ಫೇಲಾದ ಸುದ್ದಿ ಕೇಳಿ ಬಂದವಳು, ನಡುಮನೆಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಾ ಅಂದಳು:

"ಬಿಯೆ ಅಂತೆ ಬಿಯೆ. ಉಣ್ಣೆ ಹಿಂಜೋ ಮನೇಲಿ ಇಂಗ್ಲೀಸು ಹುಟ್ತೈತಾ? ಆಗಾಕಿಲ್ಲ ಬುಡ್ರಿ. ಅತ್ಲಾಗೆ ಕೈಗೊಂದು ರಾಟೆ ಕೊಡ್ರಿ, ನೂಲಾದ್ರೂ ತೆಗೀಲಿ."

ನನಗೆ ಸಿಟ್ಟು ಬರಲಿಲ್ಲ. ನೂಲು ತೆಗೆಯಲು ನನಗೆ ಬರುತ್ತಿತ್ತು, ಇಂಗ್ಲಿಷು ಬರುತ್ತಿರಲಿಲ್ಲ. ಅತ್ತೆ ಕಂಡದ್ದನ್ನು ಹೇಳಿದ್ದಳು.

ಇದೆಲ್ಲ ಈಗ ನೆನಪಾಗಲು ಕಾರಣ ನನ್ನದೊಂದು ಅಭ್ಯಾಸ. ಯಾವ ಬಾಗಿಲು ದಾಟುವಾಗಲೂ ನಾನು ತಲೆ ಬಗ್ಗಿಸುತ್ತೇನೆ. ನಾನೇನು ಉದ್ದದ ಹೆಂಗಸಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಬೇಕಾದರೆ ಹಿಮ್ಮಡಿ ಎತ್ತಬೇಕು. ಆದರೂ ಆಫೀಸಿನ ಆಳೆತ್ತರದ ಬಾಗಿಲಲ್ಲೂ ತಲೆ ತಾನಾಗಿ ಬಾಗುತ್ತದೆ. ಹೊಸದಾಗಿ ವರ್ಗವಾಗಿ ಬಂದ ಸಾಹೇಬರೊಬ್ಬರು ಇದನ್ನು ನೋಡಿ, "ನಿಮ್ಮ ಕಾಲದವರ ವಿನಯವೇ ಬೇರೆ" ಎಂದು ಮೆಚ್ಚಿಕೊಂಡರು. ಅದು ವಿನಯವಲ್ಲ, ಬೇಸ್ಮಟ್ಟದ ಫಲ ಎಂದು ಅವರಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬಹುದು.

ನಮ್ಮದು ಕಂಬಳಿ ನೇಯುವ ಮನೆ. ಪಾವಗಡ ರಸ್ತೆಯ ಮಗ್ಗುಲಲ್ಲೇ ಇತ್ತು. ತಾತ ಕಟ್ಟಿಸಿದಾಗ ಮನೆ ರಸ್ತೆಗಿಂತ ಮೇಲಿತ್ತಂತೆ. ಎರಡು ಮೆಟ್ಟಿಲು ಹತ್ತಿ ಬರಬೇಕಿತ್ತಂತೆ. ಆಮೇಲೆ ರಸ್ತೆಗೆ ಜಲ್ಲಿ ಬಿತ್ತು, ಅದರ ಮೇಲೆ ಟಾರು ಬಿತ್ತು, ಟಾರು ಕಿತ್ತುಹೋಯಿತೆಂದು ಇನ್ನೊಮ್ಮೆ ಜಲ್ಲಿ, ಮತ್ತೆ ಟಾರು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಮೆಟ್ಟಿಲು ಇಳಿದು ಮನೆಯೊಳಕ್ಕೆ ಹೋಗುವಂತಾಗಿತ್ತು. ಮನೆ ಕುಸಿದಿರಲಿಲ್ಲ, ಊರು ಎದ್ದಿತ್ತು. ಮಳೆ ಬಂದರೆ ರಸ್ತೆಯ ನೀರು ನೆಂಟರ ಹಾಗೆ ನೇರ ನಡುಮನೆಗೆ ಬರುತ್ತಿತ್ತು. ನಾನು ಎರಡನೆಯ ಸಲ ಫೇಲಾದ ವರ್ಷದ ಹಿಂಗಾರಿನಲ್ಲಿ ಹಾಗೆ ಬಂದ ನೀರು ಮೂಲೆಯಲ್ಲಿ ಒಟ್ಟಿದ್ದ ಉಣ್ಣೆಯನ್ನೆಲ್ಲ ನೆನೆಸಿತು. ನೆನೆದ ಉಣ್ಣೆಯ ವಾಸನೆ ಬಲ್ಲವರೇ ಬಲ್ಲರು. ತಿಂಗಳುಗಟ್ಟಲೆ ಮನೆಯಲ್ಲಿ ಕಾಣದ ಕುರಿಮಂದೆಯೊಂದು ಮಲಗಿದಂತಿತ್ತು.

ಆಗ ಅಪ್ಪ ಸಿರಾದಿಂದ ರಹಮತ್ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಹೊಸಿಲ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ ಮನೆಯನ್ನು ನೋಡಿದ.

"ಬೇಸ್ಮಟ್ಟ ಎತ್ಬೇಕು ಯಜಮಾನ್ರೆ. ಬೇರೆ ದಾರಿ ಇಲ್ಲ."

"ಮನೇಲಿ ಜನ ಅವ್ರಲ್ಲಪ್ಪ."

"ಜನ ಇರ್ಲಿ. ಜನಾನೂ ಎತ್ತೋಣ."

ಬೇಸ್ಮಟ್ಟ ಎಂದರೆ ನಿಮಗೆ ಗೊತ್ತಿರುತ್ತದೆ. ಗೋಡೆಗಿಂತ ಕೆಳಗೆ, ನೆಲಕ್ಕಿಂತ ಮೇಲೆ ಇರುವ ಕಲ್ಲುಕಟ್ಟಡ. ಅದರ ಮಟ್ಟಕ್ಕೆ ಮಣ್ಣು ತುಂಬಿದರೆ ಮನೆಯ ಒಳನೆಲ. ನಮ್ಮ ಸೀಮೆಯಲ್ಲಿ ಹೆಣ್ಣು ನೋಡಲು ಹೋದವರು ಸಹ ಮೊದಲು ಕೇಳುವುದು, ಬೇಸ್ಮಟ್ಟ ಎಷ್ಟೆತ್ತರ ಹಾಕ್ಸವ್ರೆ ಅಂತ. ಕೊನೆಯಲ್ಲಿ ಮಟ್ಟ ಇರುವುದರಿಂದ ಅದು ಕನ್ನಡವೇ ಎಂದು ನಾನು ತಿಳಿದಿದ್ದೆ. ಮೇಸ್ತ್ರಿ ತಿದ್ದಿದ.

"ಅರೆ, ಕನ್ನಡ ಯಾಕಾಯ್ತದೆ ಅಮ್ಮ? ಪಕ್ಕಾ ಇಂಗ್ಲಿಷು. ಇಂಜಿನೇರ್ ಸಾಬ್ರು ಬಾಯಲ್ಲೇ ಕೇಳಿದ್ದು ನಾನು. ಬೇಸ್‌ಮೆಂಟ್. ನಮ್ಮೋರು ಬಾಯಿಗೆ ಬರ್ದೆ ಮಟ್ಟ ಮಾಡವ್ರೆ."

ನನಗೆ ಖುಷಿಯಾಯಿತು. ಗೈಡು ನೋಡದೆ, ಯಾರೂ ಬಯ್ಯದೆ ನಾನು ಕಲಿತ ಮೊದಲ ಇಂಗ್ಲಿಷ್ ಮಾತು ಅದು.

ನನಗೆ ಇಂಗ್ಲಿಷ್ ಮಾತುಗಳ ಅಗತ್ಯ ಎಷ್ಟಿತ್ತೆಂದು ಇಲ್ಲಿ ಹೇಳಿಬಿಡಬೇಕು. ನಾನು ಓದಿದ್ದು ಹಳೆಯ ಪಠ್ಯಕ್ರಮ. ಅದರಲ್ಲಿ ಪರೀಕ್ಷೆ ಕಟ್ಟಲು ಇನ್ನೊಂದೇ ಅವಕಾಶ ಎಂದು ಕಾಲೇಜಿನ ಗೋಡೆಗೆ ಅಂಟಿಸಿದ್ದರು. ಈ ಸಲವೂ ಇಂಗ್ಲಿಷು ಹೋದರೆ, ಪಾಸಾದ ಉಳಿದ ವಿಷಯಗಳೆಲ್ಲ ನೀರಿಗೆ ಬಿದ್ದಂತೆ. ಹೊಸ ಪುಸ್ತಕ ಕೊಂಡು ಮೊದಲಿನಿಂದ ಶುರು ಮಾಡಬೇಕು. ನಮ್ಮ ಮನೆಯಲ್ಲಿ ಮೊದಲಿನಿಂದ ಯಾವುದನ್ನೂ ಯಾರೂ ಎರಡು ಸಲ ಶುರು ಮಾಡಿರಲಿಲ್ಲ. ಅಪ್ಪ ಬಾಯಿಬಿಟ್ಟು ಹೇಳಿದ್ದು ಇಷ್ಟೇ: "ಇದೊಂದು ಕಿತ ನೋಡಮ್ಮ. ಆಮ್ಯಾಕೆ ನನ್ ಕೈನಾಗಿಲ್ಲ."

ಮೊದಲ ಸಲ ಫೇಲಾದದ್ದು ನನ್ನ ಜಾಣತನದಿಂದ. ರೈಲು ಪ್ರಯಾಣದ ಪ್ರಬಂಧವನ್ನು ಬಾಯಿಪಾಠ ಮಾಡಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಬಸ್ಸಿನ ಪ್ರಯಾಣ ಕೇಳಿದ್ದರು. ರೈಲು ಇದ್ದಲ್ಲೆಲ್ಲ ಬಸ್ಸು ಎಂದು ಬರೆದೆ. ನನ್ನ ಬಸ್ಸು ಶಿಳ್ಳೆ ಹಾಕಿತು, ಹಳಿಯ ಮೇಲೆ ಓಡಿತು, ಕಪ್ಪು ಹೊಗೆ ಬಿಡುತ್ತಾ ಸುರಂಗ ಹೊಕ್ಕಿತು. ಎರಡನೆಯ ಸಲ ಏನಾಯಿತೆಂದು ನನಗೂ ತಿಳಿಯದು. ಕೊರಟಗೆರೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಇಂಗ್ಲಿಷ್ ಮೇಷ್ಟ್ರು ಕರೆದು, "ತಾಯಿ, ಬಾಯಿಪಾಠ ಬಿಡು. ಕಣ್ಣಾರೆ ಕಂಡದ್ದನ್ನು ಸಣ್ಣ ಸಣ್ಣ ವಾಕ್ಯದಲ್ಲಿ ಬರಿ. ತಪ್ಪಾದರೂ ನಿನ್ನದೇ ತಪ್ಪಾಗಿರುತ್ತೆ" ಎಂದಿದ್ದರು.

ಕಣ್ಣಾರೆ ಕಾಣಲು ಬೇಕಾದಷ್ಟಿತ್ತು. ಸಂಕ್ರಾಂತಿ ಕಳೆದ ಮೇಲೆ ಕತ್ತೆಗಳು ಬಂದವು. ಕೆರೆಯ ಕಡೆಯಿಂದ ಮಣ್ಣು ಹೊತ್ತು ರಸ್ತೆ ಇಳಿದು, ಹೊಸಿಲು ದಾಟಿ, ದೇವರಗೂಡಿನ ಮುಂದೆ ಹಾದು ನಡುಮನೆಯಲ್ಲಿ ಸುರಿದು ಹೋಗುತ್ತಿದ್ದವು. ಅಪ್ಪನ ತಾಯಿ, ನಮ್ಮಜ್ಜಿ, ಮೊದಲ ದಿನ "ಕತ್ತೆ ಮನೆ ಒಳಿಕ್ಕೆ ಬರೋ ಕಾಲ ಬಂತಲ್ಲಪ್ಪ" ಎಂದು ಹಣೆ ಚಚ್ಚಿಕೊಂಡಳು. ವಾರ ಕಳೆಯುವಷ್ಟರಲ್ಲಿ ಅವುಗಳಿಗೆ ಹೆಸರಿಟ್ಟಿದ್ದಳು. ಅದರಲ್ಲೊಂದು, ಮಣ್ಣು ಇಲ್ಲದಿದ್ದರೂ ಊಟದ ಹೊತ್ತಿಗೆ ತಾನಾಗಿ ಬಂದು ಅಜ್ಜಿಯ ಪಕ್ಕ ನಿಲ್ಲುತ್ತಿತ್ತು. ರೊಟ್ಟಿ ಮುರಿದು ಕೊಡುತ್ತಾ ಅಜ್ಜಿ ನನ್ನ ಕಡೆ ತಿರುಗಿ, "ಇದಾದ್ರೂ ಹೇಳಿದ್ ಮಾತು ಕೇಳ್ತೈತೆ" ಎನ್ನುತ್ತಿದ್ದಳು.

ಬೇರೆ ಮನೆಗೆ ಹೋಗಿ ಇರಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮನ್ನು ಒಳಗೆ ಬಿಟ್ಟುಕೊಳ್ಳುವವರು ಇದ್ದರು. ಮಗ್ಗವನ್ನು ಯಾರು ಬಿಟ್ಟುಕೊಳ್ಳುತ್ತಾರೆ? ಹಾಗಾಗಿ ಕಂಬದಿಂದ ಕಂಬದವರೆಗೆ ಒಂದೊಂದೇ ಅಂಕಣ ತುಂಬುತ್ತಾ ಹೋಗುವುದು, ತುಂಬದ ಕಡೆ ನಾವು ಇರುವುದು ಎಂದಾಯಿತು. ಕಲ್ಲು, ಮೇಲೆ ಮಣ್ಣು, ಮೇಲೆ ನೀರು, ಆಮೇಲೆ ಮಣ್ಣು ಗಟ್ಟಿಮಾಡುವ ದಿಮ್ಮಸಿನ ಬಡಿತ. ದಿಮ್ಮಸು ಬಿದ್ದಾಗಲೆಲ್ಲ ಅಟ್ಟದ ಮೇಲಿನ ಮಡಕೆಗಳು ಹಲ್ಲು ಕಡಿದಂತೆ ಸದ್ದು ಮಾಡುತ್ತಿದ್ದವು. ಮುದ್ದೆಯಲ್ಲಿ ಮಣ್ಣು ಕರಕರ ಎನ್ನುತ್ತಿತ್ತು. ಅರ್ಧ ಮನೆ ತೊಡೆಯೆತ್ತರಕ್ಕೆ ಎದ್ದು, ಅರ್ಧ ಮನೆ ಮೊದಲಿದ್ದಲ್ಲೇ ಉಳಿದ ದಿನಗಳಲ್ಲಿ ಅವ್ವ ಕೆಳಗಿನ ಒಲೆಯಿಂದ ತಟ್ಟೆಗಳನ್ನು ಮೇಲಕ್ಕೆ ಏರಿಸುತ್ತಿದ್ದಳು, ಕಣದಲ್ಲಿ ಹುಲ್ಲು ಏರಿಸಿದ ಹಾಗೆ. ಆಮೇಲೆ ಒಲೆ ಮೇಲೆ ಹೋಗಿ ನಾವು ಕೆಳಗುಳಿದೆವು. ಆಗ ತಟ್ಟೆಗಳು ಇಳಿದು ಬಂದವು. ಅವ್ವ ಒಲೆಯ ಮೂರು ಕಲ್ಲನ್ನು ಸೆರಗಿನಲ್ಲಿ ಹೊತ್ತು ಮನೆಯ ಎಲ್ಲ ಮೂಲೆಗಳಲ್ಲೂ ಸಂಸಾರ ಮಾಡಿದಳು. ಅವಳು ಮಾತು ಕಡಿಮೆಯ ಹೆಂಗಸು.

ಬಾಗಿಲುಗಳ ಕಥೆ ಬೇರೆ. ಚೌಕಟ್ಟು ಕಿತ್ತು ಮೇಲೆತ್ತಿದರೂ ತೊಲೆ ಅಡ್ಡ ಬಂದು, ಎಲ್ಲ ಬಾಗಿಲೂ ನನ್ನ ಹುಬ್ಬಿನ ಮಟ್ಟಕ್ಕೆ ನಿಂತವು. ಕೆಲಸ ನೋಡಲೆಂದು ಬರಗೂರಿನಿಂದ ಬಂದ ಕೆಂಚತ್ತೆ ಮಾತಾಡುತ್ತಲೇ ಒಳಗೆ ಕಾಲಿಟ್ಟು ಹಣೆ ಬಡಿಸಿಕೊಂಡಳು. ನೋವಿನಲ್ಲೂ ತೀರ್ಪು ತಪ್ಪಲಿಲ್ಲ.

"ಲೇ ತಮ್ಮ, ಮನೆ ಎತ್ತಿದ್ಯೋ, ಬಾಗ್ಲು ಇಳಿಸಿದ್ಯೋ?"

"ಬಗ್ಗಿ ಬಾರಕ್ಕ," ಎಂದ ಅಪ್ಪ.

"ಹುಟ್ಟಿದ ಮನೆಗೆ ಬಗ್ಗಿ ಬರೋ ಹಂಗಾಯ್ತಲ್ಲೋ ನನ್ ಬಾಳು."

ಎಲ್ಲ ಅಂಕಣವೂ ಮುಗಿದು ಮಗ್ಗದ ಅಂಕಣದ ಸರದಿ ಬಂತು. ಕಂಬಳಿ ನೇಯುವುದು ಗುಂಡಿ ಮಗ್ಗದಲ್ಲಿ. ನೇಯುವವನು ನೆಲದ ಮೇಲೆ ಕುಳಿತು, ಕಾಲು ಗುಂಡಿಗಿಳಿಸಿ ಮೆಟ್ಟು ತುಳಿಯಬೇಕು. "ಮಗ್ಗ ಬಿಚ್ಚಿ" ಅಂದ ಮೇಸ್ತ್ರಿ. ಮಗ್ಗಕ್ಕೆ ಆಗಷ್ಟೇ ಹಾಸು, ಅಂದರೆ ಉದ್ದೆಳೆಯ ನೂಲು, ಹೂಡಿಯಾಗಿತ್ತು. ಅಜ್ಜಿ ಎದ್ದು ನಿಂತಳು.

"ಹೂಡಿದ ಹಾಸು ಕುಯ್ಯೋ ಹಂಗಿಲ್ಲ. ನೇಯ್ದು ಮುಗ್ಸೇ ಇಳಿಸ್ಬೇಕು. ಬಸುರಿನ ಅರ್ಧಕ್ಕೆ ಕುಯ್ತಾರಾ?"

ಇದು ನಮ್ಮ ಕಡೆಯ ಕಟ್ಟು. ಮೇಸ್ತ್ರಿಗೆ ಗೊತ್ತಿತ್ತು, ವಾದ ಮಾಡಲಿಲ್ಲ. ಮದಲೂರು ಕೆರೆಯ ತೂಬಿನ ಕೆಲಸಕ್ಕೆ ಅವನು ಹೋಗಬೇಕಿತ್ತು. ಮಗ್ಗದ ಸುತ್ತ ಮಣ್ಣು ಜರುಗದಂತೆ ಕಲ್ಲಿನ ಗೋಡೆ ಕಟ್ಟಿ, ಇಳಿಯಲು ಮೆಟ್ಟಿಲಿಟ್ಟು, "ವಾಪಸ್ ಬಂದು ತುಂಬ್ತೀನಿ" ಎಂದು ಹೊರಟುಹೋದ. ಮನೆಯೆಲ್ಲ ಮೇಲೆದ್ದು, ಮಗ್ಗದ ಅಂಕಣ ಮಾತ್ರ ಕೆಳಗೆ ಉಳಿಯಿತು. ಬಂದವರಿಗೆ ಅಪ್ಪನ ರುಮಾಲಷ್ಟೇ ಕಾಣುತ್ತಿತ್ತು. ರಾಯಚರ್ಲಿನಿಂದ ಉಣ್ಣೆ ತರುತ್ತಿದ್ದ ತೆಲುಗು ಮಾತಿನ ಕುರಿಯವನು ಬಗ್ಗಿ ನೋಡಿ, "ಏಮಣ್ಣಾ, ಬಾವ್ಯಾಗೆ ಕುಂತು ನೇಯ್ತಾ ಇದ್ದೀಯಾ? ನೀಳ್ಳು ಬಂದಾವಾ?" ಎಂದು ಕೇಳಿದ.

ನೀರು ಬಂದಿರಲಿಲ್ಲ, ನಾನು ಬಂದಿದ್ದೆ. ಬೇಸಿಗೆ ಏರುತ್ತಿತ್ತು. ಮೇಲೆ ಹಸಿ ನೆಲ ಒಣಗುವವರೆಗೆ ಚಾಪೆ ಹಾಸುವಂತಿರಲಿಲ್ಲ. ಧೂಳು, ಕಲ್ಲು, ಬರುವವರು, ಹೋಗುವವರು. ಗುಂಡಿಯಂತೆ ಕೆಳಗುಳಿದ ಆ ಅಂಕಣವೊಂದೇ ತಣ್ಣಗಿತ್ತು. ಅಪ್ಪನ ಮಗ್ಗದ ಪಕ್ಕ ಗೋಡೆಗೊರಗಿ ಪುಸ್ತಕ ಹಿಡಿದೆ. ನೂಲಿಗೆ ಗಂಜಿ ಹಾಕಲು ಅರೆದ ಹುಣಸೆಬೀಜದ ವಾಸನೆ, ಲಾಳಿ ಓಡುವ ಸದ್ದು, ಹಲಗೆ ಬಡಿಯುವ ಸದ್ದು. ಆ ಸದ್ದಿಗೆ ಸೇರಿಸಿ ನಾನು ಇಂಗ್ಲಿಷ್ ವಾಕ್ಯಗಳನ್ನು ಜೋರಾಗಿ ಕಟ್ಟುತ್ತಿದ್ದೆ. ಒಂದು ದಿನ ಅಪ್ಪ ಕೈ ತಡೆದ.

"ಆವಾಗ್ಲಿಂದ ದೇರ್‌ಫೋರು ದೇರ್‌ಫೋರು ಅಂತೀಯಲ್ಲ, ಅಂಗಂದ್ರೇನಮ್ಮ?"

"ಆದ್ದರಿಂದ ಅಂತ."

"ಅಷ್ಟೇನಾ? ನಾನು ಯಾರೋ ಮನುಷ್ಯ ಅಂದ್ಕಂಡಿದ್ದೆ."

ಪರೀಕ್ಷೆ ಹತ್ತಿರ ಬಂದಾಗ ಮೇಸ್ತ್ರಿ ಹೇಳಿಕಳಿಸಿದ: ನಾಳೆ ಬರುತ್ತೇನೆ, ಮಗ್ಗ ಬಿಚ್ಚಿಟ್ಟಿರಿ, ಕತ್ತೆಗೂ ಹೇಳಿದ್ದೇನೆ. ಹಾಸು ಮುಗಿದು ಮಗ್ಗ ಬರಿದಾಗಿತ್ತು. ತಡೆಯಲು ಏನೂ ಇರಲಿಲ್ಲ. ನಾನು ಪುಸ್ತಕಗಳನ್ನು ಮೇಲಕ್ಕೆ ಸಾಗಿಸಿದೆ. ಎಲ್ಲಿ ಕೂರಬೇಕೆಂದು ತಿಳಿಯದೆ ಅವನ್ನು ರಾಗಿ ತುಂಬಿಡುವ ಮಣ್ಣಿನ ವಾಡೆಯ ಮೇಲಿಟ್ಟೆ.

ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಬೀದಿಯಲ್ಲಿ ಉದ್ದಕ್ಕೆ ಹೊಸ ಹಾಸು ಹರಡಿ ಗಂಜಿ ಬಳಿಯುತ್ತಿದ್ದ. ನೀವು ನೇಯುವವರಲ್ಲದಿದ್ದರೆ ಇದರ ವಿಚಿತ್ರ ಹೇಳಬೇಕು. ಉರಿಬಿಸಿಲ ದಿನಗಳಲ್ಲಿ ಕಂಬಳಿ ಯಾರೂ ಕೊಳ್ಳುವುದಿಲ್ಲ. ಬೇರೆ ವರ್ಷಗಳಲ್ಲಿ ಆ ತಿಂಗಳು ಅಪ್ಪ ಮಗ್ಗ ಮುಟ್ಟುತ್ತಲೇ ಇರಲಿಲ್ಲ. ಮೇಸ್ತ್ರಿ ಬರುವ ಹೊತ್ತಿಗೆ ಹಾಸು ಮಗ್ಗಕ್ಕೆ ಏರಿತ್ತು.

"ಇದೇನ್ ಯಜಮಾನ್ರೆ, ಈ ಬಿಸಿಲಿಗೆ ಕಂಬಳಿ ಯಾರ್ ಹೊದೀತಾರೆ?"

"ಯಾರೋ ಕೇಳವ್ರೆ."

"ಯಾರು?"

"ಅವ್ರೇ," ಎಂದ ಅಪ್ಪ, ಎತ್ತಲೋ ನೋಡುತ್ತಾ.

ಅಜ್ಜಿ ಮೂಲೆಯಿಂದಲೇ ಶುರುಮಾಡಿದಳು: "ಹೂಡಿದ ಹಾಸು..."

"ಗೊತ್ತು ಅಜ್ಜಿ, ಗೊತ್ತು. ಕುಯ್ಯೋ ಹಂಗಿಲ್ಲ," ಎಂದು ಮೇಸ್ತ್ರಿ ಕರಣೆಯನ್ನು ಚೀಲಕ್ಕೆ ಹಾಕಿದ. ಕತ್ತೆಗಳು ಬಂದ ದಾರಿಯಲ್ಲೇ ಹೋದವು. ನಾನು ಪುಸ್ತಕಗಳನ್ನು ಮತ್ತೆ ಕೆಳಗಿಳಿಸಿದೆ. ಆ ಕಂಬಳಿಯಷ್ಟು ನಿಧಾನಕ್ಕೆ ಅಪ್ಪ ಇನ್ಯಾವುದನ್ನೂ ನೇಯಲಿಲ್ಲ.

ಪರೀಕ್ಷೆಯ ದಿನ ಪ್ರಬಂಧಕ್ಕೆ ಮೂರು ವಿಷಯ ಕೊಟ್ಟಿದ್ದರು. ಸಮುದ್ರತೀರದ ಒಂದು ಸಂಜೆ. ವಿಜ್ಞಾನ ವರವೋ ಶಾಪವೋ. ನಿಮಗೆ ಚೆನ್ನಾಗಿ ತಿಳಿದ ಒಂದು ಮನೆ. ಸಮುದ್ರವನ್ನು ನಾನು ಕಂಡಿರಲಿಲ್ಲ. ವಿಜ್ಞಾನದಿಂದ ನಮಗೆ ಅಲ್ಲಿಯವರೆಗೆ ವರವೂ ಸಿಕ್ಕಿರಲಿಲ್ಲ, ಶಾಪವೂ ತಟ್ಟಿರಲಿಲ್ಲ. ಮನೆಯನ್ನು ಬರೆದೆ. ಅವರ್ ಬೇಸ್‌ಮೆಂಟ್ ಈಸ್ ವೆರಿ ಹೈ ಎಂದು ಶುರು ಮಾಡಿದೆ. ನಮ್ಮಜ್ಜಿ ದಿನವೂ ಕೋಲೂರಿಕೊಂಡು ಬೇಸ್‌ಮೆಂಟಿಗೆ ಹತ್ತುತ್ತಾಳೆ. ಬೇಸ್‌ಮೆಂಟಿನ ಮೇಲೆ ನಿಂತರೆ ಬೆಟ್ಟ ಕಾಣುತ್ತದೆ, ಪಾವಗಡದ ಬಸ್ಸು ಕಾಣುತ್ತದೆ. ನಮ್ಮ ಬೇಸ್‌ಮೆಂಟಿಗೆ ಮಳೆಯ ನೀರು ಎಂದಿಗೂ ಬರಲಾರದು, ಏಕೆಂದರೆ ಅದು ರಸ್ತೆಗಿಂತ ಮೇಲಿದೆ. ಕತ್ತೆಗಳನ್ನು ಬರೆದೆ, ದಿಮ್ಮಸಿಗೆ ಇಂಗ್ಲಿಷ್ ತಿಳಿಯದೆ ದೊಡ್ಡ ಭಾರದ ಕಡ್ಡಿ ಎಂದು ಬರೆದೆ. ಕೈ ನಿಲ್ಲಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ನನಗೆ ಹೇಳಲು ಏನೋ ಇತ್ತು.

ಹೊರಗೆ ಬಂದು ಮೇಷ್ಟ್ರಿಗೆ ಹೆಮ್ಮೆಯಿಂದ ಒಪ್ಪಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಅಲ್ಲ ತಾಯಿ, ಬೇಸ್‌ಮೆಂಟ್ ಅಂದರೆ ನೆಲದ ಕೆಳಗಿನ ಕೋಣೆ. ನೆಲಮಾಳಿಗೆ."

"ಮತ್ತೆ ನಾವು ಎತ್ತಿದ್ದು, ಸಾರ್?"

"ಅದಕ್ಕೆ ಪ್ಲಿಂತ್ ಅಂತಾರೆ."

ನಿಮ್ಮಜ್ಜಿ ನೆಲಮಾಳಿಗೆಗೆ ಹತ್ತಿ ಬೆಟ್ಟ ನೋಡುತ್ತಾಳೆ, ಅಲ್ಲವೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮನೆಗೆ ನಡೆದು ಬರುವಾಗ ಇನ್ನೊಂದು ವಿಷಯ ಹೊಳೆಯಿತು. ಇಂಗ್ಲಿಷಿನವರ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಬೇಸ್‌ಮೆಂಟ್ ಇತ್ತು. ನಾನು ತಿಂಗಳುಗಟ್ಟಲೆ ಕುಳಿತು ಓದಿದ್ದು ಅದರಲ್ಲೇ. ಅದನ್ನು ಗುಂಡಿ ಎಂದು ತಿಳಿದು, ಪ್ರಬಂಧದಲ್ಲಿ ಒಂದು ಸಾಲನ್ನೂ ಬರೆಯದೆ ಬಂದಿದ್ದೆ.

ಮಗ್ಗ ಖಾಲಿಯಾಗುವವರೆಗೆಂದು ಹೊರಗೆ ಜಗಲಿಗೆ ಗಾರೆ ಬಳಿಯುತ್ತಿದ್ದ ಮೇಸ್ತ್ರಿಯ ಮುಂದೆ ನಿಂತೆ. "ನಿಮ್ಮ ಬೇಸ್ಮಟ್ಟದಿಂದ ನಾನು ಹಾಳಾದೆ ಮೇಸ್ತ್ರಿ" ಎಂದು ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿದ.

"ನೋಡಮ್ಮ, ನಮ್ದು ಬರೋಬರ್ ಮೇಲೇ ಐತೆ. ಇಂಗ್ಲಿಷ್ನೋರ್ದು ಕೆಳಿಕ್ಕೆ ಹೋದ್ರೆ ನಾನೇನ್ ಮಾಡ್ಲಿ? ಅವ್ರಿಗೆ ಮಟ್ಟ ಇಡಾಕೆ ಬರಾಕಿಲ್ಲ."

ಫಲಿತಾಂಶ ಬರುವವರೆಗಿನ ದಿನಗಳನ್ನು ನಾನು ರಾಟೆಯ ಮುಂದೆ ಕಳೆದೆ. ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ಹೊಸ ಪಠ್ಯಕ್ರಮದ ಪುಸ್ತಕಗಳ ಹೆಸರು ವಿಚಾರಿಸಬೇಕೆಂದುಕೊಂಡು ವಿಚಾರಿಸಲಿಲ್ಲ. ಅಪ್ಪ ಕಂಬಳಿ ಮುಗಿಸಿದ. ಮೇಸ್ತ್ರಿ ಬಂದು ಮಗ್ಗ ಬಿಚ್ಚಿ, ಅಂಕಣ ತುಂಬಿ, ಅದೇ ಜಾಗದಲ್ಲಿ ಮೇಲೆ ಹೊಸ ಗುಂಡಿ ತೆಗೆದುಕೊಟ್ಟ. ಮನೆ ಪೂರ್ತಿ ಒಂದು ಮಟ್ಟಕ್ಕೆ ಬಂತು. ನಾನು ಓದಿದ ಜಾಗ ಮಣ್ಣಿನ ಕೆಳಗೆ ಹೋಯಿತು.

ಕೊನೆಗೊಂದು ದಿನ ಕಾಲೇಜಿನ ಹಲಗೆಯ ಮೇಲೆ ನನ್ನ ನಂಬರಿತ್ತು. ಪಾಸಾಗಲು ಬೇಕಾದಷ್ಟೇ ಅಂಕ, ಮೇಲೆ ಉಪ್ಪಿನಷ್ಟು. ಮೇಷ್ಟ್ರು ಬಹಳ ಯೋಚಿಸಿ ಹೇಳಿದರು: "ಪೇಪರ್ ನೋಡಿದವರು ನಮ್ಮ ಸೀಮೆಯವರೇ ಇರಬೇಕು. ಮನೆ ಕಟ್ಟಿಸ್ತಾ ಇರಬೇಕು, ಪಾಪ." ಅದು ನಿಜವೋ ಸುಳ್ಳೋ, ಆ ಅಪರಿಚಿತರ ಮನೆಗೆ ನೀರು ನುಗ್ಗದಿರಲಿ ಎಂದು ನಾನು ಎಷ್ಟೋ ಮಳೆಗಾಲ ಹಾರೈಸಿದ್ದೇನೆ.

ಮನೆಗೆ ಬಂದಾಗ ಅಪ್ಪ ಹೊಸ ಗುಂಡಿಯಲ್ಲಿ ಕಾಲಿಳಿಸಿ ಕುಳಿತಿದ್ದ.

"ಪಾಸಾದೆ ಅಪ್ಪ."

ಲಾಳಿ ನಿಲ್ಲಲಿಲ್ಲ. ಆ ಕಡೆಗೆ ಹೋಗಿ ಈ ಕಡೆಗೆ ಬಂತು.

"ದೇರ್‌ಫೋರು?" ಎಂದ.

ಅಜ್ಜಿ ಬೀದಿಗೆಲ್ಲ ಕೇಳುವಂತೆ ಹೇಳಿದಳು. ಕೆಂಚತ್ತೆಗೆ ಸುದ್ದಿ ಮುಟ್ಟಿದಾಗ, "ಒಂದ್ಸಲ ಪಾಸಾದ್ರೆ ಸಾಕಾ, ಇಲ್ಲಾ ವರ್ಸಾವರ್ಸಾ ಬರೀತಿರ್ಬೇಕಾ?" ಎಂದು ಕೇಳಿಕಳಿಸಿದಳಂತೆ.

ಸರ್ಟಿಫಿಕೇಟು ಬಹಳ ತಿಂಗಳ ಮೇಲೆ ಕಾಲೇಜಿಗೆ ಬಂತು. ಅಪ್ಪ ಸಂತೆಗೆ ಹೋಗಿದ್ದ. ನಾನೂ ಬರ್ತೀನಿ ಎಂದು ಅವ್ವ ಹೊರಟಳು. ಯಾಕೆ ಎಂದು ಕೇಳಿದೆ. "ನೋಡಿಲ್ವಲ್ಲ" ಅಂದಳು. ಹೊಸ ಸೀರೆಯುಟ್ಟು, ಕಾಲೇಜಿನ ಆಫೀಸಿನ ಕಿಟಕಿಯ ಹತ್ತಿರ ಬಿಸಿಲಿನಲ್ಲಿ ನಿಂತಳು. ನೆರಳಿಗೆ ಬಾ ಎಂದರೂ ಬರಲಿಲ್ಲ. ಒಳಗಿನ ಗುಮಾಸ್ತರು ಹೆಸರು ಕೂಗಿ, ರುಜು ಹಾಕಿಸಿಕೊಂಡು, ದಪ್ಪ ಕಾಗದವನ್ನು ಕಿಟಕಿಯಿಂದ ಕೊಟ್ಟರು. ನನ್ನ ಹೆಸರು ಸರಿಯಾಗಿತ್ತು. ಅದನ್ನು ಅವ್ವನ ಕೈಗೆ ಕೊಟ್ಟೆ.

ಅವಳು ಸೆರಗಿಗೆ ಕೈಯೊರೆಸಿಕೊಂಡು ತೆಗೆದುಕೊಂಡಳು. ಮುಂದೆ ನೋಡಿದಳು, ತಿರುಗಿಸಿ ಹಿಂದೆ ನೋಡಿದಳು. ಹಿಂದೆ ಏನೂ ಇರಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿದಳು. ಆಮೇಲೆ ನನಗೇ ವಾಪಸು ಕೊಟ್ಟಳು.

"ಹಗೂರ ಐತೆ ಕಣಮ್ಮ. ಎಲ್ಡು ಕೈನಾಗೆ ಹಿಡ್ಕ, ಗಾಳಿ ಐತೆ."